ಜೋಬಿಲ್ಲದವರು ಹೊಲಿದ ಜೋಬು

ಈಚೆಗೆ ಪಾಂಡವಪುರದಲ್ಲಿ ಸಂಘಟನೆಯ ಒಂದು ಸಣ್ಣ ಸಭೆ ನಡೆಯಿತು. ತಾಲ್ಲೂಕು ಕಚೇರಿಗೆ ಕೊಡುವ ಮನವಿಪತ್ರಕ್ಕೆ ಬೇಡಿಕೆಗಳನ್ನು ಬರೆದುಕೊಳ್ಳುತ್ತಿದ್ದರು. ಸ್ಮಶಾನಕ್ಕೆ ಜಾಗ, ಬಗರ್‌ಹುಕುಂ ಸಾಗುವಳಿ ಚೀಟಿ, ಹಾಸ್ಟೆಲ್ಲಿನ ಊಟ. ಎಲ್ಲ ಆದ ಮೇಲೆ ‘ಇನ್ನೇನಾರ ಇದ್ದದಾ?’ ಎಂದು ಕೇಳಿದರು. ನಾವು ಎದ್ದು ನಿಂತು, ಹೈಸ್ಕೂಲು ಹೆಣ್ಣುಮಕ್ಕಳ ಚೂಡಿದಾರಕ್ಕೆ ಜೋಬು ಇಡಿಸಬೇಕು ಎಂದೆವು. ಗೆಳೆಯರು ನಕ್ಕರು. ಅವರಲ್ಲಿ ಒಬ್ಬರು, ನಮಗೆ ಓದುವ ಹುಚ್ಚು ಹಿಡಿಸಿದವರೇ, ‘ಅಲ್ಲ ಕಣವ್ವ, ಭೂಮಿ ಕೇಳೋ ಜಾಗ್ದಲ್ಲಿ ಜೋಬು ಕೇಳ್ತೀಯಲ್ಲ’ ಎಂದರು.

ಹಾಗಂದವರ ಎದೆಜೋಬಿನಲ್ಲಿ ಎರಡು ಪೆನ್ನು, ನಾಲ್ಕು ಮಡಿಕೆಯ ಕರಪತ್ರ, ಕನ್ನಡಕದ ಡಬ್ಬಿ ಇದ್ದವು. ಪ್ಯಾಂಟಿನ ಜೋಬಿನಲ್ಲಿ ಮೊಬೈಲು, ಬೈಕಿನ ಕೀ, ದುಡ್ಡು. ನಾವು ನಾಗಮಂಗಲದಿಂದ ಬಸ್ಸಿನಲ್ಲಿ ಬಂದಿದ್ದೆವು. ಹೆಗಲಚೀಲ ಮೂಲೆಯಲ್ಲಿ ಎಲ್ಲರ ಚೀಲಗಳ ರಾಶಿಯಲ್ಲಿತ್ತು. ಕೈಯಲ್ಲಿ ಮೊಬೈಲು, ಬಸ್ಸಿಗೆ ತೋರಿಸಿದ ಆಧಾರ್ ಕಾರ್ಡು, ಓದಬೇಕೆಂದು ಬರೆದುಕೊಂಡು ಬಂದಿದ್ದ ಪದ್ಯದ ಹಾಳೆ. ಮೂರನ್ನೂ ಹಿಡಿದುಕೊಂಡೇ ಮಾತಾಡಿದೆವು. ಯಾರೋ ಮಾತಾಡಿದ್ದಕ್ಕೆ ಚಪ್ಪಾಳೆ ತಟ್ಟಬೇಕಾದಾಗ ಕಂಕುಳಲ್ಲಿ ಸಿಕ್ಕಿಸಿಕೊಂಡೆವು. ಈ ಲೇಖನ ಆ ನಗುವಿಗೆ ನಮ್ಮ ಉತ್ತರ. ಸಿಟ್ಟಿನಿಂದಲೇ ಬರೆಯುತ್ತಿದ್ದೇವೆ, ಆದರೆ ಗೆಳೆಯರ ಮೇಲಿನ ಸಿಟ್ಟು ಗೆಳೆಯರ ಮುಂದೆಯೇ ಆಡುವಂಥದ್ದು.

ಮೊದಲು ಮಾತಿನ ವಿಚಾರ. ನಮ್ಮ ಮಂಡ್ಯದ ಕಡೆ ಜೋಬು ಅಂತಾರೆ, ಬರೆಯುವಾಗ ಜೇಬು, ಧಾರವಾಡದ ಕಡೆ ಕಿಸೆ. ಎಲ್ಲ ಅರಬ್ಬಿ-ಪಾರ್ಸಿ ಕಡೆಯಿಂದ ಬಂದ ಮಾತು. ಅರಬ್ಬಿಯ ‘ಜೈಬ್’ ಎಂಬುದಕ್ಕೆ ಮೊದಲಿದ್ದ ಅರ್ಥ ಅಂಗಿಯ ಕೊರಳಬಾಯಿ, ಎದೆ ಹತ್ತಿರದ ಸೀಳು. ದುಡ್ಡಿಡುವ ಚೀಲ ಎಂಬ ಅರ್ಥ ಆಮೇಲಿನದು. ನಮ್ಮ ಹೆಂಗಸರು ಇನ್ನೂ ಆ ಮೊದಲ ಅರ್ಥದಲ್ಲೇ ನಿಂತಿದ್ದಾರೆ. ಒಡವೆ ಅಂಗಡಿಯವರು ಪುಕ್ಕಟೆ ಕೊಟ್ಟ, ಅಂಗಡಿ ಹೆಸರು ಅಚ್ಚಾದ ಪುಟ್ಟ ಪರ್ಸು, ಅದು ರವಿಕೆಯೊಳಗೆ. ದುಡ್ಡು ತೆಗೆಯಬೇಕಾದರೆ ಬಸ್ಸಿನಲ್ಲಿ, ಅಂಗಡಿಯ ಮುಂದೆ, ಆಸ್ಪತ್ರೆಯ ಕಿಟಕಿಯ ಹತ್ತಿರ ಗೋಡೆ ಕಡೆ ತಿರುಗಬೇಕು. ನೋಟು ಬೆವರಿಗೆ ತೊಯ್ದಿರುತ್ತದೆ. ಅಂಗಡಿಯವನು ಎರಡು ಬೆರಳ ತುದಿಯಲ್ಲಿ ಹಿಡಿದು ಮೂಗು ಮುರಿಯುತ್ತಾನೆ. ನಮ್ಮ ಕೇರಿಯ ಹೆಂಗಸಿನ ನೋಟಾದರೆ ಆ ಮೂಗು ಇನ್ನೂ ಒಂದು ಸುತ್ತು ಮುರಿಯುತ್ತದೆ. ಹಿಂದೆ ಚಿಲ್ಲರೆಯನ್ನು ಮೇಲಿನಿಂದ ಅಂಗೈಗೆ ಉದುರಿಸುತ್ತಿದ್ದವರ ಮೊಮ್ಮಕ್ಕಳು ಇವರು. ಮುಟ್ಟುವುದನ್ನು ಕಾನೂನು ಕಲಿಸಿತು, ಮೂಗಿಗೆ ಯಾರೂ ಕಲಿಸಲಿಲ್ಲ.

ನಮ್ಮ ಹೆಂಗಸರಿಗೆ ಏನೂ ಇರಲಿಲ್ಲ ಎಂದಲ್ಲ. ಮೂರು ಇದ್ದವು: ಸೆರಗು, ಮಡಿಲು, ಸಂಚಿ. ಈ ಮೂರೂ ಒಂದೇ ಅಲ್ಲ. ನಮ್ಮ ಕವಿಗಳು ಮೂರನ್ನೂ ಕಲೆಸಿ ‘ತಾಯ್ತನ’ ಎಂದು ಒಂದೇ ಹೆಸರಿಟ್ಟುಬಿಟ್ಟಿದ್ದಾರೆ.

ಸೆರಗಿನ ತುದಿಗೆ ಕಾಸು ಗಂಟು ಹಾಕಬಹುದು, ನಿಜ. ಆದರೆ ಕನ್ನಡದಲ್ಲಿ ಸೆರಗೊಡ್ಡುವುದು ಎಂದರೆ ಬೇಡುವುದು. ಹೊಲದ ಕೂಲಿಯನ್ನು ನಮ್ಮಜ್ಜಿಯಂಥವರು ಸೆರಗೊಡ್ಡಿಯೇ ಇಸಿದುಕೊಂಡರು, ಕೊಡುವವನು ದೂರ ನಿಂತು ಸುರಿಯುತ್ತಿದ್ದ. ಮಡಿಲು ಬೇರೆ. ಮಡಿಲು ತುಂಬುತ್ತಾರೆ. ತವರಿಂದ ಹೊರಟವಳಿಗೆ ಮಡ್ಲಕ್ಕಿ, ಕಾಯಿ, ಎಲೆಅಡಿಕೆ. ತುಂಬುವವರು ಬೇರೆಯವರು, ತುಂಬಿಸಿಕೊಳ್ಳುವವಳು ತಲೆ ತಗ್ಗಿಸಿರಬೇಕು. ಗಂಡ ಸತ್ತವಳಿಗೆ ಅದೂ ಇಲ್ಲ. ತನ್ನ ಮಡಿಲನ್ನು ತಾನೇ ತುಂಬಿಕೊಂಡ ಹೆಂಗಸಿಗೆ ನಮ್ಮ ಊರುಗಳಲ್ಲಿ ಇದ್ದ ಹೆಸರು ಕಳ್ಳಿ.

ಇದು ಬಾಯಿಮಾತಲ್ಲ. ರಾಗಿ ಕುಯ್ಲಿನ ದಿನಗಳಲ್ಲಿ ಸಂಜೆ ಹೊಲದ ಬದುವಿನ ಮೇಲೆ ಆಳು ಹೆಂಗಸರನ್ನು ಸಾಲಾಗಿ ನಿಲ್ಲಿಸಿ ಮಡಿಲು ಕೊಡವಿಸುತ್ತಿದ್ದರಂತೆ. ಅಜ್ಜಿ ಇದನ್ನು ನಗುತ್ತಲೇ ಹೇಳೋದು. ‘ನಾಕು ತೆನೆ ಬಿದ್ರೆ ನಾಕು ದಿನ ಮಾತು’ ಅನ್ನೋದು. ಒಂದು ಸಲ ಅವರೆಕಾಯಿ ಬಿದ್ದವಂತೆ, ಬಸುರಿಯಾಗಿದ್ದಳಂತೆ. ಅದರಾಚೆಗೆ ಏನಾಯಿತು ಅಂತ ಅಜ್ಜಿ ಹೇಳಲಿಲ್ಲ, ನಾವು ಕೇಳಲಿಲ್ಲ.

ಸಂಚಿ ಮಾತ್ರ ಅಜ್ಜಿಯದೇ. ಹಳೆ ಬಟ್ಟೆಯ ತುಂಡುಗಳಲ್ಲಿ ಅವಳೇ ಹೊಲಿದದ್ದು, ಬಾಯಿಗೆ ದಾರ, ಸೊಂಟಕ್ಕೆ ಸಿಕ್ಕಿಸಿಕೊಳ್ಳುವಂಥದ್ದು. ಒಳಗೆ ಅರೆ ಮೇಲೆ ಅರೆ: ಎಲೆಗೊಂದು, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು, ಹೊಗೆಸೊಪ್ಪಿಗೊಂದು, ಎಲ್ಲಕ್ಕಿಂತ ಒಳಗೆ ಕಾಸಿಗೊಂದು. ಆ ಸಂಚಿಗೆ ತಾತನೂ ಕೈ ಹಾಕುತ್ತಿರಲಿಲ್ಲ. ಈಗಲೂ ಕೆ.ಆರ್. ಪೇಟೆ ಸಂತೆಯಲ್ಲಿ ಸೊಪ್ಪು ಮಾರುವ ಹೆಂಗಸರನ್ನು ನೋಡಿ. ವ್ಯಾಪಾರ ಮಾಡುವವಳ ಸೊಂಟದಲ್ಲಿ ಸಂಚಿ ಇರುತ್ತದೆ, ಅಥವಾ ಒಳಲಂಗಕ್ಕೆ ಅವಳೇ ಹೇಳಿ ಹೊಲಿಸಿದ ಜೋಬು ಇರುತ್ತದೆ. ಹೆಬ್ಬೆಟ್ಟು ಒತ್ತುತ್ತಿದ್ದ ಅಜ್ಜಿಗೆ ಐದು ಅರೆಯ ಸಂಚಿ ಇತ್ತು. ಬಿ.ಎ. ಮಾಡಿದ ನಮಗೆ ಒಂದೂ ಇಲ್ಲ. ಓದಿದವರ ಉಡುಪು ಎಂದು ಪೇಟೆ ನಮಗೆ ಕೊಟ್ಟದ್ದರಲ್ಲಿ ಅದನ್ನು ಕತ್ತರಿಸಿ ತೆಗೆದಿದ್ದರು, ನಾವು ಗಮನಿಸಲೂ ಇಲ್ಲ.

ಇದು ನಮ್ಮಲ್ಲಿ ಮಾತ್ರ ಆದದ್ದಲ್ಲ. ಯುರೋಪಿನ ಹೆಂಗಸರೂ ಹದಿನೇಳು, ಹದಿನೆಂಟನೆಯ ಶತಮಾನಗಳಲ್ಲಿ ಲಂಗದ ಕೆಳಗೆ ಸೊಂಟಕ್ಕೆ ದೊಡ್ಡ ಜೋಬುಗಳನ್ನು ಕಟ್ಟಿಕೊಳ್ಳುತ್ತಿದ್ದರು. ನಮ್ಮ ಸಂಚಿಯ ಅಕ್ಕತಂಗಿಯರು ಅವು. ಉಡುಪು ಮೈಗೆ ಅಂಟಿಕೊಳ್ಳುತ್ತ ಬಂದಂತೆ ಜೋಬು ಹೋಗಿ ಕೈಯಲ್ಲಿ ಹಿಡಿಯುವ ಪುಟ್ಟ ಚೀಲ ಬಂತು. 1914ರಲ್ಲಿ ಅಮೆರಿಕದ ಶಾರ್ಲೆಟ್ ಪರ್ಕಿನ್ಸ್ ಗಿಲ್ಮನ್ ಒಂದು ಕತೆ ಬರೆದಳು. ಅದರಲ್ಲಿ ಹೆಂಡತಿಯೊಬ್ಬಳು ಗಂಡನ ಮೈಯೊಳಗೆ ಸೇರಿಕೊಂಡು ಒಂದು ದಿನ ಓಡಾಡುತ್ತಾಳೆ. ಅವಳು ಬೆರಗಾಗುವ ಸಂಗತಿಗಳಲ್ಲಿ ಜೋಬುಗಳೂ ಇವೆ. 2018ರಲ್ಲಿ ಅಮೆರಿಕದ ‘ದಿ ಪುಡ್ಡಿಂಗ್’ ಎಂಬ ಪತ್ರಿಕೆ 20 ಕಂಪನಿಗಳ ಜೀನ್ಸ್ ಅಳೆದು ನೋಡಿತು. ಹೆಂಗಸರ ಮುಂಜೋಬು ಗಂಡಸರದಕ್ಕಿಂತ ಸರಾಸರಿ ಶೇಕಡಾ 48ರಷ್ಟು ಗಿಡ್ಡ, ಶೇಕಡಾ 6.5ರಷ್ಟು ಕಿರಿದು.

ಈ ಅಂಕಿಯನ್ನು ನಮ್ಮಕ್ಕನಿಗೆ ಓದಿ ಹೇಳಿದೆವು. ಅವಳು ‘ಅದುಕ್ಯಾಕೆ ಅಷ್ಟು ಓದಬೇಕು, ನನ್ ಕೇಳಿದ್ರೆ ಹೇಳ್ತಿರ್ಲಿಲ್ವಾ’ ಅಂದಳು.

ಅಕ್ಕ ಗಾರ್ಮೆಂಟ್ಸಿನಲ್ಲಿ ಟೈಲರು. ಯಾವ ಕಾರ್ಖಾನೆ ಎಂಬುದು ಇಲ್ಲಿ ಬೇಡ. ಬೆಳಿಗ್ಗೆ ಕತ್ತಲಿರುವಾಗಲೇ ವ್ಯಾನು ಬರುತ್ತದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕುಗಳ ಹಳ್ಳಿಹಳ್ಳಿಯಲ್ಲೂ ಆ ಹೊತ್ತಿಗೆ ಊಟದ ಡಬ್ಬಿ ಹಿಡಿದ ಹೆಂಗಸರು ರಸ್ತೆ ಬದಿ ನಿಂತಿರುತ್ತಾರೆ. ನಾಲೆ ನೀರು ಬರುವ ಊರಿನವರೂ ಇದ್ದಾರೆ, ಬರದ ಊರಿನವರೂ ಇದ್ದಾರೆ. ಅಕ್ಕನ ಲೈನಿನಲ್ಲಿ ಪ್ಯಾಂಟು. ಅವಳ ಕೆಲಸ ಜೋಬಿನ ಚೀಲ ಕೂಡಿಸುವುದು. ದಿನವೆಲ್ಲ ಅದೊಂದೇ. ಗಂಟೆಗೆ ಇಷ್ಟು ಎಂದು ಟಾರ್ಗೆಟ್. ಗಂಡಸರ ಪ್ಯಾಂಟಿನ ಆರ್ಡರ್ ಇದ್ದರೆ ಮೊಣಕೈ ಹತ್ತಿರ ಹೋಗುವಂಥ ಚೀಲ, ಹೆಂಗಸರದಿದ್ದರೆ ನಾಲ್ಕು ಬೆರಳು ಮುಳುಗುವಂಥದ್ದು. ಕೆಲವು ಆರ್ಡರಿನಲ್ಲಿ ಚೀಲವೇ ಇಲ್ಲ, ಬಾಯಿ ಮಾತ್ರ ಹೊಲಿದು ಮುಚ್ಚುವುದು. ‘ಬಾಯಿ ಇದ್ದು ಹೊಟ್ಟೆ ಇಲ್ದಿರೋ ಜೋಬು’ ಅಂತಾರಂತೆ ಲೈನಿನ ಹೆಂಗಸರು. ದೂರದ ದೇಶದ ಹೆಂಗಸರಿಗೂ ಮೋಸವಾಗುತ್ತಿದೆ ಎಂದು ಅವಳಿಗೆ ಹೀಗೆ ಗೊತ್ತು.

ನಾವು ಪೆದ್ದುಪೆದ್ದಾಗಿ ಕೇಳಿದೆವು: ಕೈಯಲ್ಲಿ ವಿದ್ಯೆ ಇದೆ, ನಿದ್ದೆಗಣ್ಣಲ್ಲೂ ಹೊಲಿಯುತ್ತೀಯ, ನಿನ್ನ ಚೂಡಿದಾರಕ್ಕೆ ಒಂದು ಯಾಕೆ ಹೊಲಿದುಕೊಂಡಿಲ್ಲ?

ಅಕ್ಕ ಕೊಟ್ಟ ಉತ್ತರವೇ ಈ ಲೇಖನದ ತಿರುಳು. ಸಂಜೆ ಗೇಟಿನಲ್ಲಿ ತಡಕುತ್ತಾರೆ. ಸಾಲಿನಲ್ಲಿ ನಿಂತು ಕೈ ಅಗಲಿಸಬೇಕು. ಜೋಬು ಇದ್ದವಳನ್ನು ಎರಡು ಸಲ ತಡಕುತ್ತಾರೆ. ‘ಇಲ್ದೇ ಇದ್ರೆ ಬೇಗ ಬಿಡ್ತಾರೆ ಕಣೆ, ವ್ಯಾನು ಸಿಗ್ತದೆ.’ ಅದು ಒಂದು. ಇನ್ನೊಂದನ್ನು ಸ್ವಲ್ಪ ಹೊತ್ತು ಬಿಟ್ಟು ಹೇಳಿದಳು. ‘ಜೋಬಿದ್ರೆ ಮನೇಲೂ ಕೇಳ್ತಾರೆ, ಅದ್ರೊಳಗೇನು ಮಡಗಿದ್ದೀಯ ಅಂತ.’

ಅಜ್ಜಿಯನ್ನು ಬದುವಿನ ಮೇಲೆ ನಿಲ್ಲಿಸಿ ಮಡಿಲು ಕೊಡವಿಸಿದರು. ಮೊಮ್ಮಗಳನ್ನು ಗೇಟಿನಲ್ಲಿ ನಿಲ್ಲಿಸಿ ತಡಕುತ್ತಾರೆ. ಊಳಿಗಮಾನ್ಯ ಹೋಗಿ ಬಂಡವಾಳಶಾಹಿ ಬಂತು ಎಂದು ಅಧ್ಯಯನ ಶಿಬಿರಗಳಲ್ಲಿ ನಮಗೆ ಪಾಠ ಹೇಳಿದರು. ಎರಡೂ ಹೆಂಗಸಿನ ಸೊಂಟದ ಹತ್ತಿರವೇ ಕೈಯಿಟ್ಟು ಲೆಕ್ಕ ಕೇಳುತ್ತವೆ ಎಂಬುದನ್ನು ಮಾತ್ರ ಶಿಬಿರದಲ್ಲಿ ಹೇಳಲಿಲ್ಲ. ಅಕ್ಕನಿಂದ ಕಲಿತೆವು.

ದುಡ್ಡಿನ ವಿಚಾರಕ್ಕೆ ಬರೋಣ. ಸಂಬಳ ಈಗ ಬ್ಯಾಂಕಿಗೆ ಬರುತ್ತದೆ. ಖಾತೆ ಅಕ್ಕನ ಹೆಸರಿನಲ್ಲಿ. 2023ರಲ್ಲಿ ಶುರುವಾದ ಗೃಹಲಕ್ಷ್ಮಿಯ 2000 ರೂಪಾಯಿಯೂ ಅವಳ ಹೆಸರಿಗೇ. ಎ.ಟಿ.ಎಂ. ಕಾರ್ಡು ಎಲ್ಲಿದೆ? ಭಾವನ ಅಂಗಿ ಜೋಬಿನಲ್ಲಿ. ಭಾವ ಕೆಟ್ಟವರಲ್ಲ, ಕುಡಿಯುವವರೂ ಅಲ್ಲ. ಕಾರ್ಡು ಬಂದ ದಿನ ಅವರು ಹೇಳಿದ್ದು ಇಷ್ಟೇ: ‘ನೀನೆಲ್ಲಿ ಮಡಿಕಂಡೀಯೆ? ವ್ಯಾನ್‌ನಲ್ಲಿ ಬೀಳ್ಸ್ಕಂಡು ಬತ್ತೀಯ, ತಾ ಇಲ್ಲಿ.’ ಅಕ್ಕನಿಗೆ ತಿರುಗಿ ಹೇಳಲು ಮಾತೇ ಇರಲಿಲ್ಲ. ಇಟ್ಟುಕೊಳ್ಳಲು ನಿಜವಾಗಿಯೂ ಜಾಗ ಇರಲಿಲ್ಲವಲ್ಲ. ದುಡಿದವಳ ದುಡ್ಡು ಗಂಡನ ಹತ್ತಿರ ಹೋಗಲು ಹೊಡೆತ, ಬೈಗುಳ ಏನೂ ಬೇಕಾಗಲಿಲ್ಲ. ಬಟ್ಟೆ ಹೊಲಿದ ರೀತಿಯೇ ಸಾಕಾಯಿತು. ಈಗ ಚಪ್ಪಲಿ ತೆಗೆದುಕೊಳ್ಳಬೇಕಾದರೂ ಅಕ್ಕ ಕೇಳಬೇಕು. ಕೇಳಿದರೆ ಕೊಡುತ್ತಾರೆ. ಕೇಳಬೇಕು.

ಮೊಬೈಲಿನದೂ ಇದೇ ಕತೆ. ಬ್ಯಾಂಕಿನ ಓ.ಟಿ.ಪಿ. ಬರುವ ಸಿಮ್ಮು ಯಾರ ಜೋಬಿನಲ್ಲಿರುತ್ತದೋ ಖಾತೆ ಅವರದು.

ಶ್ರೀರಂಗಪಟ್ಟಣದಲ್ಲಿ ನಡೆದದ್ದನ್ನು ಇಲ್ಲಿ ನೆನೆಯಲೇಬೇಕು. 2020ರ ಜೂನ್. ಕೊರೋನ ಲಾಕ್‌ಡೌನ್ ಆಗತಾನೆ ಸಡಿಲವಾಗಿತ್ತು. ಗೋಕುಲದಾಸ್ ಎಕ್ಸ್‌ಪೋರ್ಟ್ಸ್‌ಗೆ ಸೇರಿದ, ಎಚ್ ಅಂಡ್ ಎಂ ಎಂಬ ಸ್ವೀಡನ್ ಕಂಪನಿಗೆ ಬಟ್ಟೆ ಹೊಲಿಯುತ್ತಿದ್ದ ಯೂರೋ ಕ್ಲೋದಿಂಗ್ ಕಂಪನಿ-2 ಕಾರ್ಖಾನೆ ಮುಚ್ಚಿತು. ಸಾವಿರದ ಇನ್ನೂರಕ್ಕೂ ಹೆಚ್ಚು ಜನರ ಕೆಲಸ ಹೋಯಿತು, ಬಹುಪಾಲು ಹೆಂಗಸರು. ಆರ್ಡರ್ ಇಲ್ಲ ಎಂದಿತು ಕಂಪನಿ. ಯೂನಿಯನ್ ಗಟ್ಟಿಯಾಗಿದ್ದದ್ದೇ ಕಾರಣ ಎಂದಿತು ಗಾರ್ಮೆಂಟ್ ಅಂಡ್ ಟೆಕ್ಸ್‌ಟೈಲ್ ವರ್ಕರ್ಸ್ ಯೂನಿಯನ್. ಹೆಂಗಸರು ಕಾರ್ಖಾನೆ ಮುಂದೆ ವಾರಗಟ್ಟಲೆ ಕೂತರು. 2021ರ ಫೆಬ್ರವರಿಯಲ್ಲಿ ಒಪ್ಪಂದವಾಗಿ ಯೂನಿಯನ್ನಿಗೆ ಮಾನ್ಯತೆ ಸಿಕ್ಕಿತು, ಬೇರೆ ಘಟಕದಲ್ಲಿ ಕೆಲಸ ಕೊಡಲು ಕಂಪನಿ ಒಪ್ಪಿತು. ಅದಕ್ಕೂ ಮೊದಲು, 2016ರ ಏಪ್ರಿಲ್ 18, 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಪಿ.ಎಫ್. ದುಡ್ಡಿಗಾಗಿ ಹೆದ್ದಾರಿಗೆ ಇಳಿದಿದ್ದರು. ಕಂಪನಿ ಕಟ್ಟುವ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯಕೂಡದು ಎಂದು ಕೇಂದ್ರ ಸರ್ಕಾರ ನಿಯಮ ತಂದಿತ್ತು, ಎರಡೇ ದಿನದಲ್ಲಿ ವಾಪಸು ಪಡೆಯಿತು. ಆ ಹೆಂಗಸರು ಕೇಳಿದ್ದಾದರೂ ಏನು? ನಮ್ಮದು ನಮ್ಮ ಕೈಗೆ ಸಿಗುವ ಕಡೆ ಇರಲಿ, ಯಾರನ್ನೂ ಕೇಳದೆ ತೆಗೆಯುವಂತಿರಲಿ. ಜೋಬಿಗೂ ಇದಕ್ಕಿಂತ ಬೇರೆ ವ್ಯಾಖ್ಯಾನ ನಮಗೆ ಗೊತ್ತಿಲ್ಲ. ಆದ್ದರಿಂದ ‘ಭೂಮಿ ಕೇಳೋ ಜಾಗದಲ್ಲಿ ಜೋಬು’ ಎಂದ ಗೆಳೆಯರಿಗೆ ನಮ್ಮ ಮಾತು: ಭೂಮಿ ಸಿಕ್ಕರೆ ಅದರ ಪಹಣಿ ಯಾರ ಜೋಬಿನಲ್ಲಿರುತ್ತದೆ?

ಈಗ ನಮ್ಮ ಸಾಹಿತ್ಯ. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದಾಗ ನಮ್ಮವರು ನವ್ಯದವರನ್ನು ಕೇಳಿದ್ದು, ನಿಮ್ಮ ಅನುಭವ ಯಾರದು, ಯಾರನ್ನು ಹೊರಗಿಟ್ಟು ಬಂದದ್ದು ಎಂದು. ನಾವಾಗ ಹುಟ್ಟಿರಲಿಲ್ಲ, ಆದರೂ ಆ ಪ್ರಶ್ನೆ ನಮ್ಮದೇ, ಅದರ ಋಣದಲ್ಲೇ ನಾವು ಪೆನ್ನು ಹಿಡಿದದ್ದು. ಅದೇ ಪ್ರಶ್ನೆಯನ್ನು ಈಗ ಹಿಂದಕ್ಕೆ ತಿರುಗಿಸಿ ಕೇಳುತ್ತೇವೆ. ನಮ್ಮ ಕಾವ್ಯದಲ್ಲಿ ಚಪ್ಪಲಿ ಇದೆ, ತಮಟೆ ಇದೆ, ಪೊರಕೆ ಇದೆ, ಬಾವಿಯ ಹಗ್ಗ ಇದೆ. ಧಣಿಯ ಜೇಬು, ಮಂತ್ರಿಯ ಜೇಬು, ಪುರೋಹಿತನ ಜೇಬು ಬೇಕಾದಷ್ಟಿವೆ, ಎಲ್ಲವೂ ತುಂಬಿದ ಜೇಬುಗಳೇ. ಅವ್ವನ ಸೆರಗಿನಿಂದ ಕಣ್ಣೀರು ಒರೆಸಿಕೊಳ್ಳದ ಕವಿ ನಮ್ಮಲ್ಲಿ ಕಡಿಮೆ. ಆ ಸೆರಗಿನ ಗಂಟಿನಲ್ಲಿದ್ದ ಕಾಸು ಯಾರಿಗೆ ಖರ್ಚಾಯಿತು ಎಂದು ಕೇಳಿದ ಪದ್ಯ ಎಷ್ಟಿವೆ? ನಮ್ಮಲ್ಲಿ ಅನೇಕರ ಪರೀಕ್ಷಾ ಶುಲ್ಕ ಆ ಗಂಟಿನಿಂದ ಬಂದದ್ದು. ಅವ್ವನ ಹತ್ತಿರ ಅವಳದೇ ಎಂದು ಏನಾದರೂ ಉಳಿಯಿತೇ ಎಂಬುದು ಪದ್ಯಕ್ಕೆ ಬರಲಿಲ್ಲ. ಉಳಿಯುವುದು ಅವಳ ಗುಣಕ್ಕೆ ಶೋಭೆ ಅಲ್ಲ ಎಂದು ಕವಿಗೂ ಅನಿಸಿತ್ತೇನೋ. ಇದು ಮೇಲ್ಜಾತಿ ಸಾಹಿತ್ಯದಿಂದ ನಾವು ಸಾಲ ತಂದ ತಾಯಿ. ನಮ್ಮ ಕೇರಿಯ ತಾಯಿಗೆ ಸಂಚಿ ಇತ್ತು. ಅದರೊಳಗೆ ಹೊಗೆಸೊಪ್ಪು ಇತ್ತು.

ಉಡುಪಿನ ವಿಚಾರ ಕ್ಷುಲ್ಲಕ ಎನ್ನುವವರು ಬಾಬಾಸಾಹೇಬರನ್ನು ನೆನೆಯಲಿ. 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಮನುಸ್ಮೃತಿಯನ್ನು ಸುಟ್ಟ ಆ ಸಮಾವೇಶದ ಸಮಯದಲ್ಲೇ ಅವರು ಹೆಂಗಸರನ್ನು ಕೂರಿಸಿಕೊಂಡು ಸೀರೆ ಉಡುವ ರೀತಿಯ ಬಗ್ಗೆ ಮಾತಾಡಿದರು. ನೋಡಿದ ಕೂಡಲೇ ಜಾತಿ ಹೇಳುವಂಥ ಉಡುಗೆ, ಒಡವೆ ಬಿಡಿ ಎಂದರು. ತಿರುವಾಂಕೂರಿನ ಚಾನ್ನಾರ್ ಹೆಂಗಸರು ಎದೆ ಮುಚ್ಚಿಕೊಳ್ಳುವ ಹಕ್ಕಿಗಾಗಿ ಏಟು ತಿಂದು, 1859ರಲ್ಲಿ ರಾಜನಿಂದ ಅಪ್ಪಣೆ ಹೊರಡಿಸಿದರು. ಮೈಮೇಲೆ ಎಷ್ಟು ಬಟ್ಟೆ, ಹೇಗೆ ಎಂಬುದನ್ನು ಜಾತಿ ನಿರ್ಧರಿಸುತ್ತಿದ್ದ ದೇಶದಲ್ಲಿ ಬಟ್ಟೆಯ ಮಾತು ಸಣ್ಣದಾಗಲಾರದು. ನಮ್ಮ ತಾಲ್ಲೂಕುಗಳಲ್ಲಿ ನಿಂತಿರುವ ಬಾಬಾಸಾಹೇಬರ ಪ್ರತಿಮೆಯನ್ನೇ ನೋಡಿ. ಒಂದು ಕೈಯಲ್ಲಿ ಪುಸ್ತಕ, ಇನ್ನೊಂದು ಕೈ ಮುಂದಕ್ಕೆ ತೋರಿಸುತ್ತಿದೆ. ಪೆನ್ನು ಕೋಟಿನ ಜೋಬಿನಲ್ಲಿದೆ. ಆ ಜೋಬು ಇಲ್ಲದಿದ್ದರೆ ತೋರಿಸಲು ಕೈ ಬಿಡುವಾಗುತ್ತಿರಲಿಲ್ಲ.

ಕೆಲವರು ಕೇಳುತ್ತಾರೆ, ಹೆಂಗಸರೇ ಜೋಬು ಬೇಡ ಅನ್ನುತ್ತಾರಲ್ಲ, ಚೆಂದ ಕೆಡುತ್ತದೆ ಅಂತಾರಲ್ಲ ಎಂದು. ಈ ಮಾತು ಪೂರ್ತಿ ಸುಳ್ಳಲ್ಲ. ಆದರೆ ಗದ್ದೆಗೆ ಹೋಗಿ ನೋಡಿ. ಕಳೆ ಕೀಳುವ, ನಾಟಿ ಹಾಕುವ ಹೆಂಗಸರು ಸೀರೆ ಮೇಲೆ ಗಂಡನದೋ ಮಗನದೋ ಹಳೆ ತುಂಬುತೋಳಿನ ಅಂಗಿ ಹಾಕಿರುತ್ತಾರೆ. ಬಿಸಿಲಿಗೆ, ಕಬ್ಬಿನ ಗರಿಗೆ ಅಂತ ಹಾಕುವುದು. ಆದರೆ ಅದರ ಎದೆಜೋಬಿನಲ್ಲಿ ಮೊಬೈಲು, ಎಲೆಅಡಿಕೆ, ಇಪ್ಪತ್ತರ ನೋಟು ಇರುತ್ತವೆ. ಮನೆಯಲ್ಲಿ ನೈಟಿ. ಸಂತೆಯಲ್ಲಿ ನೈಟಿ ಕೊಳ್ಳುವಾಗ ಮೊದಲು ಪಕ್ಕಕ್ಕೆ ಕೈ ಹಾಕಿ ಜೋಬು ಇದೆಯೇ ಎಂದು ನೋಡುವ ಹೆಂಗಸರನ್ನು ನಾವು ಕಂಡಿದ್ದೇವೆ. ನೈಟಿ ಹಾಕಿಕೊಂಡು ಬೀದಿಗೆ ಬರುತ್ತಾರೆಂದು ಹಾಸ್ಯ ಮಾಡುವ ಗಂಡಸು ಲೇಖಕರಿಗೆ ಇದು ಗೊತ್ತಿದ್ದಂತಿಲ್ಲ. ಸಿಕ್ಕ ಕಡೆಯೆಲ್ಲ ಹೆಂಗಸರು ಜೋಬನ್ನು ಬಳಸಿಕೊಂಡಿದ್ದಾರೆ. ಗಂಡಸಿನ ಹಳೆ ಅಂಗಿಯಲ್ಲಿ ಮತ್ತು ಮನೆಯೊಳಗಿನ ಉಡುಪಿನಲ್ಲಿ ಮಾತ್ರ ಅದು ಸಿಗುತ್ತಿದೆ, ಬಸ್ಸು ಹತ್ತುವ ಉಡುಪಿನಲ್ಲಿ ಸಿಗುತ್ತಿಲ್ಲ. 2023ರ ಜೂನ್ 11ರಿಂದ ‘ಶಕ್ತಿ’ ಬಸ್ಸಿನಲ್ಲಿ ಹೆಂಗಸರು ಒಬ್ಬೊಬ್ಬರೇ ಓಡಾಡುತ್ತಿದ್ದಾರೆ. ಗುರುತಿನ ಕಾರ್ಡು, ಶೂನ್ಯ ಟಿಕೆಟ್ಟು, ಮೊಬೈಲು ಮೂರೂ ಕೈಯಲ್ಲಿ. ಕಂಬಿ ಹಿಡಿಯಲು ಉಳಿದದ್ದು ಒಂದು ಕೈ.

ಮೇಷ್ಟ್ರುಗಳಿಗೆ, ಮೇಡಂಗಳಿಗೆ ಒಂದು ಮಾತು. ಸರ್ಕಾರಿ ಶಾಲೆಯ ಮಕ್ಕಳಿಗೆ ಸಮವಸ್ತ್ರದ ಬಟ್ಟೆ ಬರುತ್ತದೆ, ಹೊಲಿಸುವುದು ಊರಿನ ದರ್ಜಿಯ ಹತ್ತಿರ. ಹುಡುಗನ ಅಂಗಿಗೆ ಎದೆಜೋಬು, ಪ್ಯಾಂಟಿಗೆ ಎರಡು ಪಕ್ಕದ ಜೋಬು. ಅದನ್ನು ಯಾರೂ ಹೇಳಬೇಕಾಗಿಲ್ಲ. ಹೈಸ್ಕೂಲು ಹುಡುಗಿಯ ಚೂಡಿದಾರಕ್ಕೆ ಒಂದೂ ಇಲ್ಲ. ಅದನ್ನೂ ಯಾರೂ ಹೇಳಿಲ್ಲ. ತರಗತಿಯ ನಡುವೆ ಹೊಟ್ಟೆನೋವು ಬಂದ ಹುಡುಗಿ ಪ್ಯಾಡನ್ನು ಎಲ್ಲಿಟ್ಟುಕೊಂಡು ಎದ್ದು ಹೋಗಬೇಕು? ನೋಟ್‌ಪುಸ್ತಕದೊಳಗೆ ಇಟ್ಟುಕೊಂಡು ಹೋದರೆ ಹುಡುಗರಿಗೆ ಗೊತ್ತಾಗುತ್ತದೆ. ಕಕ್ಕಸಿಗೆ ನೋಟ್‌ಪುಸ್ತಕ ಯಾಕೆ ಎಂದು ನಗುತ್ತಾರೆ. ಬ್ಯಾಗು ತೆಗೆದುಕೊಂಡು ಹೋದರೆ ಮೇಷ್ಟ್ರೇ ಕೇಳುತ್ತಾರೆ. ವೇಲಿನ ಕೆಳಗೆ ಮುಷ್ಟಿಯಲ್ಲಿ ಬಿಗಿಹಿಡಿದು ನಾವು ಹೋಗಿದ್ದೇವೆ, ಬಾಗಿಲ ಹತ್ತಿರ ಬೀಳಿಸಿಕೊಂಡಿದ್ದೇವೆ. ಆಮೇಲೆ ಆ ನಾಲ್ಕು ದಿನ ಶಾಲೆಗೇ ಹೋಗದಿರುವುದು ಅಭ್ಯಾಸವಾಯಿತು. ಆ ವರ್ಷ ಗಣಿತದಲ್ಲಿ ಬಂದ ಅಂಕ ನಮಗೆ ಇನ್ನೂ ನೆನಪಿದೆ. ಹೆಣ್ಣುಮಕ್ಕಳ ಹಾಜರಾತಿ ಯಾಕೆ ಕಡಿಮೆ ಎಂದು ತರಬೇತಿಗಳಲ್ಲಿ ಚಾರ್ಟು ಬರೆಯುವ ಗುರುಗಳು ಈ ಒಂದು ಕಾರಣವನ್ನೂ ಬರೆದುಕೊಳ್ಳಲಿ.

ಬಟ್ಟೆ ಸಾಲಲ್ಲ ಎಂದು ದರ್ಜಿ ಹೇಳಬಹುದು. ಅದಕ್ಕೆ ಅಕ್ಕನನ್ನೇ ಕೇಳಿ ಬರೆದುಕೊಂಡಿದ್ದೇವೆ. ಚೀಲಕ್ಕೆ ಅದೇ ಬಟ್ಟೆ ಬೇಕಿಲ್ಲ, ಕತ್ತರಿಸಿ ಉಳಿದ ತುಂಡು ಸಾಕು, ಹಳೆ ಕಾಟನ್ ಪಂಚೆಯಾದರೆ ಇನ್ನೂ ಒಳ್ಳೆಯದು, ಟೆರಿಕಾಟು ಜಾರುತ್ತದೆ. ಜೋಬಿನ ಬಾಯಿ ಪಕ್ಕದ ಹೊಲಿಗೆಯಲ್ಲಿ ಬರಬೇಕು, ಚೂಡಿದಾರದ ಸೀಳು ಶುರುವಾಗುವುದಕ್ಕಿಂತ ಮೇಲೆ; ಕೆಳಗೆ ಬಂದರೆ ಚೀಲ ಹೊರಗೆ ಇಣುಕುತ್ತದೆ. ಬಾಯಿ ಅಗಲ ಹುಡುಗಿಯ ಕೈ ಬಳೆ ಸಮೇತ ಹೋಗುವಷ್ಟು, ಆಳ ಮಣಿಕಟ್ಟು ಮುಳುಗುವಷ್ಟು. ಚೀಲ ಹಿಂದಕ್ಕೆ ಹೋಗಬಾರದು, ಮುಂದಕ್ಕೆ ಬೀಳುವಂತೆ ತಿರುಗಿಸಿ ಮೇಲಿನ ಅಂಚನ್ನು ಸೊಂಟದ ಹತ್ತಿರ ಒಂದು ಪಟ್ಟಿ ಕೊಟ್ಟು ಹಿಡಿಸಬೇಕು. ಇಲ್ಲದಿದ್ದರೆ ಮೊಬೈಲ್ ಭಾರಕ್ಕೆ ಬಟ್ಟೆ ಜೋಲುತ್ತದೆ. ಬಾಯಿಯ ಎರಡೂ ತುದಿಗೆ ಹಿಂದೆಮುಂದೆ ನಾಲ್ಕು ಸಲ ಹೊಲಿಗೆ ಓಡಿಸಬೇಕು. ಕಾರ್ಖಾನೆಯಲ್ಲಿ ಅದಕ್ಕೆ ಬಾರ್ಟ್ಯಾಕ್ ಅಂತಾರೆ, ಬೇರೆ ಮೆಷಿನ್ನೇ ಇದೆ. ಊರಿನ ದರ್ಜಿ ಕೈಯಲ್ಲೇ ಮಾಡಬಹುದು. ಅದೊಂದನ್ನು ಬಿಟ್ಟರೆ ತಿಂಗಳೊಳಗೆ ಬಾಯಿ ಹರಿಯುತ್ತದೆ.

ಇಷ್ಟನ್ನೂ ಹೇಳಿ ಅಕ್ಕ ನಮ್ಮ ಹಳೆ ಚೂಡಿದಾರ ಇಸಿದುಕೊಂಡಳು. ಭಾನುವಾರ ಪಕ್ಕದ ಮನೆಯ ಮೆಷಿನ್ನಿನಲ್ಲಿ ಕೂತು ಎರಡು ಜೋಬು ಹೊಲಿದಳು, ಬಲಕ್ಕೊಂದು ಎಡಕ್ಕೊಂದು. ‘ನಿಂಗೆ?’ ಎಂದು ಕೇಳಿದೆವು. ದಾರ ಕಚ್ಚಿ ತುಂಡು ಮಾಡಿ, ಬಟ್ಟೆ ಮಡಿಸುತ್ತಾ, ‘ಮೊದ್ಲು ಕಾರ್ಡು ಇಸ್ಕತೀನಿ ತಡಿ’ ಅಂದಳು.